ಕನ್ನಡ ಮೀಡಿಯಂನವರಿಗೆ ಹೂ, ವಿಚ್, ದಟ್ ಯಾಕೆ ಕೈಕೊಡುತ್ತವೆ?

ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೀರಿ, ಗ್ರಾಮರ್ ನಿಯಮ ಎಲ್ಲ ಬಾಯಿಪಾಠ ಆಗಿದೆ, ಆದರೂ ರಿಲೇಟಿವ್ ಕ್ಲಾಝ್ (ಹೂ, ವಿಚ್, ದಟ್ ಸೇರಿಸಿ ಒಂದು ಪದವನ್ನು ವಿವರಿಸುವ ಉಪವಾಕ್ಯ), ಮಾಡಿಫೈಯರ್ (ಇನ್ನೊಂದು ಪದವನ್ನು ವಿವರಿಸುವ ಪದ ಅಥವಾ ಪದಗುಚ್ಛ) ಬಂದ ಕಡೆಯೆಲ್ಲ ತಪ್ಪಾಗುತ್ತದೆ, ಬೆಂಗಳೂರಿನ ವಿಜಯನಗರದಲ್ಲಿ ಕೋಚಿಂಗ್ ಸೇರಲಾ ಅಂತ ಕೇಳಿದ್ದೀರಿ. ಇದೊಂದಕ್ಕೋಸ್ಕರ ದುಡ್ಡು ಕಟ್ಟಬೇಡಿ.

ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ನನ್ನ ಮೊದಲ ಇಂಟರ್‌ವ್ಯೂಗೆ ತಡವಾಗಿ ಹೋಗಿ, ‘ದಿ ಬಸ್ ವಿಚ್ ಐ ಕೇಮ್ ವಾಸ್ ಲೇಟ್’ ಅಂದಿದ್ದೆ. ಎದುರಿಗೆ ಕೂತಿದ್ದವರು ನಕ್ಕರು. ಅದರಲ್ಲಿ ತಪ್ಪೇನಿದೆ ಅಂತ ಹೊಳೆಯುವುದಕ್ಕೆ ಒಂದು ವರ್ಷ ಹಿಡಿಯಿತು.

ನೋಡಿ, ನಾವು ‘ನಾನು ಬಂದ ಬಸ್’ ಅನ್ನುತ್ತೇವೆ. ‘ಬಸ್ಸಿನಲ್ಲಿ ಬಂದೆ’ ಅನ್ನುವಾಗ ಇದ್ದ ‘ಅಲ್ಲಿ’ ಇಲ್ಲಿ ಮಾಯ. ‘ಹಣ್ಣು ಹೆಚ್ಚಿದ ಚಾಕು’ ಅಂದರೂ ಅಷ್ಟೇ, ಚಾಕುವಿನಿಂದ ಹೆಚ್ಚಿದ್ದು, ಆದರೆ ಆ ‘ಇಂದ’ ಎಲ್ಲೂ ಕಾಣುವುದಿಲ್ಲ. ಕೇಳಿದವರು ತಾವೇ ತುಂಬಿಕೊಳ್ಳುತ್ತಾರೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ, ಅದಕ್ಕೆ ‘ದಿ ಬಸ್ ಐ ಕೇಮ್ ಆನ್’ ಅಂತ ಬೇಕು, ‘ದಿ ನೈಫ್ ವಿತ್ ವಿಚ್ ಐ ಕಟ್ ದಿ ಫ್ರೂಟ್’ ಅಂತ ಬೇಕು. ಹಾಗಾಗಿ ಪ್ರಶ್ನೆಯಲ್ಲಿ ‘ವಿಚ್’ ಕಂಡ ತಕ್ಷಣ ಅದರ ಹಿಂದಿರುವ ಪದವನ್ನು ಎಳೆದು ತಂದು ಪೂರ್ತಿ ವಾಕ್ಯ ಮಾಡಿ. ‘ಐ ಕೇಮ್ ದಿ ಬಸ್’ ಅಂತೀವಾ? ಇಲ್ಲ, ‘ಐ ಕೇಮ್ ಆನ್ ದಿ ಬಸ್’. ಆ ‘ಆನ್’ ಕೊಟ್ಟಿರುವ ವಾಕ್ಯದಲ್ಲಿ ಎಲ್ಲೂ ಇಲ್ಲದಿದ್ದರೆ ತಪ್ಪು ಅಲ್ಲೇ ಇದೆ.

ಇದಕ್ಕಿಂತ ಜಾಣ ಕಳ್ಳ ಇನ್ನೊಬ್ಬ ಇದ್ದಾನೆ. ‘ಆಡುವ ಹುಡುಗ’, ‘ಆಡುವ ಹುಡುಗರು’. ಒಬ್ಬನಿದ್ದರೂ ಹತ್ತು ಜನ ಇದ್ದರೂ ನಮ್ಮ ‘ಆಡುವ’ ಬದಲಾಗುವುದೇ ಇಲ್ಲ! ಇಂಗ್ಲಿಷ್‌ನಲ್ಲಿ ‘ದಿ ಬಾಯ್ ಹೂ ಪ್ಲೇಸ್’, ‘ದಿ ಬಾಯ್ಸ್ ಹೂ ಪ್ಲೇ’. ‘ಒನ್ ಆಫ್ ದಿ ಬಾಯ್ಸ್ ಹೂ ಪ್ಲೇ ಹಿಯರ್ ಈಸ್ ಮೈ ಕಸಿನ್’ ಅನ್ನುವ ವಾಕ್ಯದಲ್ಲಿ ಆಡುವವರು ಹಲವರು, ಅದಕ್ಕೇ ‘ಪ್ಲೇ’. ಕಸಿನ್ ಒಬ್ಬನೇ, ಅದಕ್ಕೆ ‘ಈಸ್’. ಇಲ್ಲಿ ನಮ್ಮ ಕಿವಿ ಎಚ್ಚರಿಸುವುದಿಲ್ಲ, ಕಣ್ಣಲ್ಲೇ ನೋಡಬೇಕು.

ಮಾಡಿಫೈಯರ್ ವಿಷಯದಲ್ಲಿ ಮಾತ್ರ ಕನ್ನಡ ನಿಮ್ಮ ಕಡೆಗಿದೆ. ‘ವಾಕಿಂಗ್ ಟು ಮೆಜೆಸ್ಟಿಕ್, ಮೈ ಫೋನ್ ವಾಸ್ ಸ್ಟೋಲನ್’ ತಪ್ಪು ಅಂತ ನಿಯಮ ಹೇಳುತ್ತದೆ. ಅದನ್ನೇ ‘ಮೆಜೆಸ್ಟಿಕ್‌ಗೆ ನಡೆಯುತ್ತಾ ನನ್ನ ಫೋನ್ ಕಳುವಾಯಿತು’ ಅಂತ ಜೋರಾಗಿ ಹೇಳಿ ನೋಡಿ. ಫೋನೇ ನಡೆದುಕೊಂಡು ಹೋದ ಹಾಗಿದೆ ಅಲ್ವಾ? ‘ನಾನು ನಡೆಯುತ್ತಿದ್ದಾಗ’ ಅಂದರೆ ಸರಿಹೋಗುತ್ತದೆ. ಇಂಗ್ಲಿಷ್‌ನಲ್ಲಿ ‘ವೈಲ್ ಐ ವಾಸ್ ವಾಕಿಂಗ್’ ಅಂದ ಹಾಗೆ. ಅದಕ್ಕೇ ‘ಇಂಗ್’ನಿಂದ ಶುರುವಾಗಿ ಕಾಮಾ ಬರುವ ವಾಕ್ಯ ಸಿಕ್ಕರೆ ಮನಸ್ಸಲ್ಲೇ ‘ಉತ್ತಾ’ ಹಾಕಿ ಓದಿ.

ಪದ ಯಾವುದಕ್ಕೆ ಅಂಟಿದೆ ಅನ್ನುವ ಗೊಂದಲ ನಮ್ಮಲ್ಲೂ ಇದೆ. ‘ಹಳೇ ಪುಸ್ತಕದ ಅಂಗಡಿ’ ಅಂದರೆ ಹಳೇದು ಪುಸ್ತಕವೋ ಅಂಗಡಿಯೋ? ‘ಐ ಬಾಟ್ ಎ ಬುಕ್ ಫ್ರಮ್ ಎ ಮ್ಯಾನ್ ದಟ್ ವಾಸ್ ಟಾರ್ನ್’ ಅನ್ನುವ ವಾಕ್ಯದಲ್ಲಿ ಹರಿದದ್ದು ಪುಸ್ತಕ ಅಲ್ಲ, ಪಾಪ, ಮಾರಿದವನು. ‘ಟಾರ್ನ್’ ಅನ್ನು ‘ಬುಕ್’ ಪಕ್ಕಕ್ಕೆ ಸರಿಸಿ ‘ಎ ಟಾರ್ನ್ ಬುಕ್’ ಅಂದರೆ ಮುಗಿಯಿತು.

ಕಾಮಾ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ರಿಲೇಟಿವ್ ಕ್ಲಾಝ್‌ಗೆ ಮುಂಚೆ ಕಾಮಾ ಇದ್ದರೆ ಆ ಕ್ಲಾಝ್ ಸುಮ್ನೆ ಹೆಚ್ಚುವರಿ ಮಾಹಿತಿ, ಅಲ್ಲಿ ‘ವಿಚ್’ ಅಥವಾ ‘ಹೂ’ ಬರುತ್ತದೆ, ‘ದಟ್’ ಬರುವುದಿಲ್ಲ. ಇನ್ನು ‘ಹೂಸ್’ ಮನುಷ್ಯರಿಗೆ ಮಾತ್ರ ಅಂತ ಯಾರೋ ತಲೆಗೆ ತುಂಬಿರುತ್ತಾರೆ, ‘ಎ ಹೌಸ್ ಹೂಸ್ ರೂಫ್ ಲೀಕ್ಸ್’ ಪೂರ್ತಿ ಸರಿ.

ಅಭ್ಯಾಸಕ್ಕೆ ಅವೆನ್ಯೂ ರೋಡಿನಲ್ಲಿ ಜಿಮ್ಯಾಟ್ (ಎಂಬಿಎ ಪ್ರವೇಶ ಪರೀಕ್ಷೆ) ಗೈಡ್ ಹಳೇದು ಸಿಗುತ್ತದಾ ನೋಡಿ. ಆ ಪರೀಕ್ಷೆಯ ಹಳೇ ಮಾದರಿ 2024ರ ಜನವರಿ 31ಕ್ಕೆ ನಿಂತಿತು, ಈಗಿನದರಲ್ಲಿ ಸೆಂಟೆನ್ಸ್ ಕರೆಕ್ಷನ್, ಅಂದರೆ ವಾಕ್ಯದ ತಪ್ಪು ತಿದ್ದುವ ಪ್ರಶ್ನೆ ಇಲ್ಲ, ಹಾಗಾಗಿ ಜಿಮ್ಯಾಟ್ ಬರೆಯುವವರಿಗೆ ಅದು ಬೇಡವಾದ ಪುಸ್ತಕ. ನಿಮಗೆ ಬೇಕಾಗಿರುವುದೇ ಆ ಅಧ್ಯಾಯ. ಚೌಕಾಸಿ ಮಾಡಿ ತಗೊಳ್ಳಿ.