ಹೊಸ ಡ್ರೈವರ್ ಬೇಡ, ಮೊದಲು ಹಿಡಿತ ನೋಡಿಕೊಳ್ಳಿ

ಗಾಲ್ಫ್‌ನಲ್ಲಿ ಡ್ರೈವರ್‌ನಿಂದ, ಅಂದರೆ ದೂರ ಹೊಡೆಯುವ ಉದ್ದನೆಯ ಕ್ಲಬ್ಬಿನಿಂದ (ಕೋಲಿನಿಂದ), ಹೊಡೆದ ಚೆಂಡು ಪ್ರತಿ ಸಲ ಬಲಕ್ಕೆ ಬಾಗುತ್ತದೆ, ದುಬಾರಿ ಕ್ಲಬ್ ಕೊಳ್ಳಲೇ, ಕೋಚ್ ಬಳಿ ಹೋಗಲೇ ಎಂದು ಕೇಳಿದ್ದೀರಿ. ದುಡ್ಡು ಕೋಚ್‌ಗೇ ಹೋಗಲಿ.

ನೀವು ಬಲಗೈ ಆಟಗಾರರೆಂದುಕೊಂಡು ಹೇಳುತ್ತೇನೆ. ಚೆಂಡಿಗೆ ತಗಲುವ ಕ್ಷಣದಲ್ಲಿ ಕ್ಲಬ್ಬಿನ ಮುಖ ಅದು ಸಾಗುವ ದಾರಿಗಿಂತ ಬಲಕ್ಕೆ ತೆರೆದಿದ್ದರೆ ಚೆಂಡು ಹೀಗೆ ಬಾಗುತ್ತದೆ. ಅದಕ್ಕೆಂದು ಎಡಕ್ಕೆ ಗುರಿಯಿಟ್ಟರೆ ಬೀಸು ಇನ್ನಷ್ಟು ಹೊರಗಿನಿಂದ ಒಳಕ್ಕೆ (ಚೆಂಡಿನ ಆಚೆಯಿಂದ ನಿಮ್ಮ ಕಡೆಗೆ) ಬರುತ್ತದೆ, ತಿರುವು ಹೆಚ್ಚುತ್ತದೆ. ನಿಮ್ಮ ಎಡಗೈಯನ್ನು ಮೇಲಿನಿಂದ ನೋಡಿ. ಒಂದೇ ಗೆಣ್ಣು ಕಾಣುತ್ತಿದ್ದರೆ, ಎರಡೋ ಮೂರೋ ಕಾಣುವಷ್ಟು ಕೈಯನ್ನು ಬಲಕ್ಕೆ ಹೊರಳಿಸಿ ಹಿಡಿಯಿರಿ. ಮೊದಮೊದಲು ವಿಚಿತ್ರವೆನಿಸುತ್ತದೆ, ಬಿಡಬೇಡಿ. ಮಧ್ಯಮ ದೂರದ ಕ್ಲಬ್ಬಾದ ಏಳನೇ ಐರನ್‌ನಲ್ಲಿ ಅರ್ಧ ಬೀಸಿನಿಂದ ಶುರು ಮಾಡಿ. ಡ್ರೈವರ್ ಸ್ವಲ್ಪ ದಿನ ಚೀಲದಲ್ಲೇ ಇರಲಿ.

ಅಭ್ಯಾಸದ ಹಾಸನ್ನು ಪೂರ್ತಿ ನಂಬಬೇಡಿ. ಕ್ಲಬ್ ಚೆಂಡಿನ ಹಿಂದೆ ಬಡಿದರೂ ಹಾಸಿನ ಮೇಲೆ ಜಾರಿ ಚೆಂಡಿಗೆ ತಗಲುತ್ತದೆ. ಹುಲ್ಲಿನ ಮೇಲೆ ಅದೇ ಹೊಡೆತ ಮಣ್ಣು ಕೀಳುತ್ತದೆ.

ದೂರದ ಹುಚ್ಚು ಎಲ್ಲರಿಗೂ ಇರುತ್ತದೆ. ಆದರೆ ಪಾರ್ 72ರ, ಅಂದರೆ 18 ಗುಳಿಗಳಿಗೆ 72 ಹೊಡೆತ ಎಂದು ನಿಗದಿಯಾದ ಮೈದಾನದಲ್ಲಿ ಪ್ರತಿ ಗುಳಿಗೆ ಎರಡರಂತೆ 36 ಹೊಡೆತ ಪಟಿಂಗ್‌ನ (ಗುಳಿಯ ಬಳಿ ಚೆಂಡನ್ನು ಉರುಳಿಸಿ ಹಾಕುವುದರ) ಲೆಕ್ಕವೇ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ದೂರ ಹೊಡೆಯುವವರ ಸಾಲಿನವರಲ್ಲ ಅವರು, ಪಟಿಂಗ್ ಅವರ ಬಲ.

ಕೋಚ್ ಹುಡುಕುವಾಗ ನಿಮ್ಮ ಬೀಸನ್ನು ಮೊಬೈಲಿನಲ್ಲಿ ಹಿಂದಿನಿಂದ ಚಿತ್ರೀಕರಿಸಿ ತೋರಿಸುವವರನ್ನು ನೋಡಿ. ಮೊದಲ ಪಾಠದಲ್ಲೇ ಹೊಸ ಕ್ಲಬ್ ಕೊಳ್ಳಿ ಎನ್ನುವವರಾದರೆ ಬೇರೊಬ್ಬರನ್ನು ಹುಡುಕಿಕೊಳ್ಳಿ.