ಮೋಟೋಕ್ರಾಸ್ ರೇಸ್‌ಗೆ ಟು ಸ್ಟ್ರೋಕ್ ತಗೊಳ್ಳಲಾ, ಫೋರ್ ಸ್ಟ್ರೋಕ್ ತಗೊಳ್ಳಲಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಒಂದು ವರ್ಷದಿಂದ ಗೆಳೆಯರ ಬೈಕಿನಲ್ಲಿ ಪ್ರ್ಯಾಕ್ಟೀಸ್ ಮಾಡಿದ್ದೀರಿ, ಮುಂದಿನ ಸೀಸನ್‌ನಲ್ಲಿ ಮೋಟೋಕ್ರಾಸ್‌ಗೆ, ಅಂದರೆ ಜಂಪ್‌ಗಳಿರುವ ಮಣ್ಣಿನ ಟ್ರ್ಯಾಕಿನ ರೇಸ್‌ಗೆ, ಇಳಿಯಬೇಕು ಅಂತಿದ್ದೀರಿ. ತೂಕ 68 ಕಿಲೋ. ಬೈಕಿನ ಕೆಲಸ ನೀವೇ ಮಾಡಿಕೊಳ್ಳುತ್ತೀರಿ. 125 ಸಿಸಿ ಟು ಸ್ಟ್ರೋಕ್, 250 ಸಿಸಿ ಟು ಸ್ಟ್ರೋಕ್, 250 ಸಿಸಿ ಫೋರ್ ಸ್ಟ್ರೋಕ್, ಈ ಮೂರರಲ್ಲಿ ಯಾವುದು ಅನ್ನುವುದು ಪ್ರಶ್ನೆ. ಮೂರನ್ನೂ ನಾನು ರೇಸ್‌ನಲ್ಲಿ ಓಡಿಸಿದ್ದೇನೆ, ಮೂರರ ಎಂಜಿನ್ನೂ ಬಿಚ್ಚಿ ಕಟ್ಟಿದ್ದೇನೆ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಬೈಕ್ ನೋಡುವುದಕ್ಕೆ ಮೊದಲು ನೀವು ಇಳಿಯಲಿರುವ ರೇಸಿನ ರೂಲ್ ಬುಕ್ ತೆಗೆದು ಕ್ಲಾಸ್‌ಗಳ ಪಟ್ಟಿ ನೋಡಿ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ. ಟು ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಎಂಜಿನ್ನಿನ ದಂಡ) ಒಂದು ಸುತ್ತು ತಿರುಗಿದರೆ ಒಂದು ಸಲ ಪೆಟ್ರೋಲ್ ಉರಿದು ಪಿಸ್ಟನ್‌ಗೆ ಹೊಡೆತ ಬೀಳುತ್ತದೆ. ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಂದು ಸಲ. ಹಾಗಾಗಿ ನಿಯಮ ಬರೆಯುವವರು ಫೋರ್ ಸ್ಟ್ರೋಕ್‌ಗೆ ಹೆಚ್ಚುಕಡಿಮೆ ಎರಡು ಪಟ್ಟು ಸಿಸಿ ಬಿಟ್ಟುಕೊಟ್ಟರು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎಂಎಕ್ಸ್2 ಕ್ಲಾಸ್ ಅಂದರೆ 125 ಟು ಸ್ಟ್ರೋಕ್ ಅಥವಾ 250 ಫೋರ್ ಸ್ಟ್ರೋಕ್. ಎಂಎಕ್ಸ್‌ಜಿಪಿ ಅಂದರೆ 250 ಟು ಸ್ಟ್ರೋಕ್ ಅಥವಾ 450 ಫೋರ್ ಸ್ಟ್ರೋಕ್. ಕಾಗದದ ಮೇಲೆ ಲೆಕ್ಕ ಸರಿ ಕಾಣುತ್ತದೆ. ಟ್ರ್ಯಾಕ್ ಮೇಲೆ ಹಾಗಲ್ಲ. 125 ಬೈಕ್ 40 ಅಶ್ವಶಕ್ತಿಯ ಹತ್ತಿರ ಬಂದು ನಿಲ್ಲುತ್ತದೆ, ಈಗಿನ 250 ಫೋರ್ ಸ್ಟ್ರೋಕ್ ಅದನ್ನು ದಾಟಿ ಹೋಗುತ್ತದೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ಆ ಶಕ್ತಿ ಎಲ್ಲಿ ಸಿಗುತ್ತದೆ ಅನ್ನುವುದರಲ್ಲಿದೆ. 125ರಲ್ಲಿ ನಿಜವಾದ ಎಳೆತ ಇರುವುದು ಸುಮಾರು 8 ಸಾವಿರ ಆರ್‌ಪಿಎಂನಿಂದ 11 ಸಾವಿರದ ತನಕ. ಅದರ ಕೆಳಗೆ ಬಿದ್ದಿರೋ, ಬೈಕ್ ಕಷ್ಟಪಟ್ಟು ಎಳೆಯುತ್ತದೆ. ಫೋರ್ ಸ್ಟ್ರೋಕ್ ಕೆಳಗಿನಿಂದಲೇ ಎಳೆಯಲು ಶುರು ಮಾಡಿ 13 ಸಾವಿರದ ತನಕ ಹೋಗುತ್ತದೆ.

ಈ ವ್ಯತ್ಯಾಸ ನಿಮಗೆ ಮೊದಲು ಗೊತ್ತಾಗುವುದು ಸ್ಟಾರ್ಟ್ ಗೇಟ್‌ನಲ್ಲಿ. ಗೇಟ್ ಬಿದ್ದು ಮೊದಲ ತಿರುವಿಗೆ ಹೋಗುವಷ್ಟರಲ್ಲಿ 125 ಅರ್ಧ ಬೈಕಿನಷ್ಟು ಹಿಂದೆ ಬಿದ್ದರೂ ಸಾಕು, ಎಲ್ಲರ ಮಣ್ಣು ನಿಮ್ಮ ಮುಖಕ್ಕೆ. ಆಮೇಲೆ ಒಬ್ಬೊಬ್ಬರನ್ನೇ ದಾಟಬೇಕು. ಮೊದಲ ಸೀಸನ್‌ನಲ್ಲಿ ಪ್ರತಿ ರೇಸೂ ಹೀಗೇ ಆದರೆ ಎಂಥವರಿಗೂ ಉತ್ಸಾಹ ಇಳಿದು ಹೋಗುತ್ತದೆ.

ಟು ಸ್ಟ್ರೋಕ್ ಕಾಲ ಮುಗಿಯಿತು ಅನ್ನುವವರು ತುಂಬಾ ಜನ ಸಿಗುತ್ತಾರೆ. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. 1997ರಲ್ಲಿ ಲಾಸ್ ವೇಗಸ್ ಸೂಪರ್‌ಕ್ರಾಸ್ (ಸ್ಟೇಡಿಯಂನೊಳಗಿನ ಮೋಟೋಕ್ರಾಸ್) ರೇಸನ್ನು ಅಮೆರಿಕದ ರೇಸರ್ ಡಗ್ ಹೆನ್ರಿ ಯಮಹಾದ ಇನ್ನೂ ಮಾರಾಟಕ್ಕೇ ಬಂದಿರದ 400 ಸಿಸಿ ಫೋರ್ ಸ್ಟ್ರೋಕ್‌ನಲ್ಲಿ ಗೆದ್ದರು. ಮರುವರ್ಷ ವೈಝಡ್400ಎಫ್ ಅಂಗಡಿಗೆ ಬಂತು, ಅದೇ ಬೈಕಿನಲ್ಲಿ ಹೆನ್ರಿ ಅಮೆರಿಕದ ಔಟ್‌ಡೋರ್ ಚಾಂಪಿಯನ್ ಆದರು. ಹತ್ತು ವರ್ಷ ತುಂಬುವಷ್ಟರಲ್ಲಿ ಮೇಲಿನ ಹಂತದ ರೇಸ್‌ಗಳಲ್ಲಿ ಟು ಸ್ಟ್ರೋಕ್ ಕಾಣುವುದೇ ಅಪರೂಪವಾಯಿತು. ಆದರೆ ಇನ್ನೊಂದು ಸಂಗತಿಯನ್ನೂ ನೆನಪಿಡಿ. ಅಮೆರಿಕದ ಇನ್ನೊಬ್ಬ ರೇಸರ್ ರಿಕಿ ಕಾರ್ಮೈಕಲ್ 2002ರಲ್ಲಿ ಹೋಂಡಾ ಸಿಆರ್250ಆರ್ ಟು ಸ್ಟ್ರೋಕ್‌ನಲ್ಲಿ ಅಲ್ಲಿನ ಔಟ್‌ಡೋರ್ ಸೀಸನ್ನಿನ 24 ಓಟಗಳನ್ನೂ (ಇವಕ್ಕೆ ಮೋಟೋ ಅನ್ನುತ್ತಾರೆ, ರೇಸಿನ ದಿನಕ್ಕೆ ಎರಡು) ಗೆದ್ದರು. 2004ರಲ್ಲಿ ಸಿಆರ್‌ಎಫ್450ಆರ್ ಫೋರ್ ಸ್ಟ್ರೋಕ್ ಹತ್ತಿ ಮತ್ತೆ 24ಕ್ಕೆ 24. ಬೈಕ್ ಬದಲಾಯಿತು, ಫಲಿತಾಂಶ ಬದಲಾಗಲಿಲ್ಲ. ಟು ಸ್ಟ್ರೋಕ್ ತಯಾರಿಕೆಯೂ ನಿಂತಿಲ್ಲ. ಯಮಹಾ ವೈಝಡ್125 2022ರಲ್ಲಿ ಹೊಸ ಎಂಜಿನ್ ಜೊತೆ ಬಂತು, ಕೆಟಿಎಂ 2023ರಿಂದ ತನ್ನ ಟು ಸ್ಟ್ರೋಕ್ ಮೋಟೋಕ್ರಾಸ್ ಬೈಕ್‌ಗಳಿಗೆ ಫ್ಯುಯೆಲ್ ಇಂಜೆಕ್ಷನ್ ಕೊಟ್ಟಿದೆ.

ಓಡಿಸುವಾಗ ಹೇಗಿರುತ್ತದೆ ಅಂತ ಒಂದೇ ಜಾಗ ಇಟ್ಟುಕೊಂಡು ಹೇಳುತ್ತೇನೆ. ಇಳಿಜಾರು ಮುಗಿದ ತಕ್ಷಣ ಎಡಕ್ಕೆ ತಿರುವು, ಚಕ್ರಗಳು ಕೊರೆದು ಮಾಡಿದ ಆಳವಾದ ಜಾಡು ಇದೆ ಅಂದುಕೊಳ್ಳಿ. ಫೋರ್ ಸ್ಟ್ರೋಕ್‌ನಲ್ಲಿ ಥ್ರಾಟಲ್ ಬಿಟ್ಟ ಕೂಡಲೇ ಎಂಜಿನ್ನೇ ಬೈಕನ್ನು ಹಿಡಿದು ನಿಧಾನ ಮಾಡುತ್ತದೆ. ಜಾಡಿನೊಳಗೆ ಇಳಿದು, ಕೂತು, ಮೆಲ್ಲಗೆ ಥ್ರಾಟಲ್ ಕೊಟ್ಟರೆ ಹಿಂದಿನ ಚಕ್ರ ಮಣ್ಣನ್ನು ಕಚ್ಚಿಕೊಂಡು ಹೊರಗೆ ತರುತ್ತದೆ. ಟು ಸ್ಟ್ರೋಕ್‌ನಲ್ಲಿ ಥ್ರಾಟಲ್ ಬಿಟ್ಟರೆ, ಇಳಿಜಾರಿನಲ್ಲಿ ಸೈಕಲ್ ತುಳಿಯುವುದು ನಿಲ್ಲಿಸಿದ ಹಾಗೆ. ಬೈಕ್ ಸುಮ್ನೆ ಉರುಳಿಕೊಂಡು ಹೋಗುತ್ತದೆ. ನಿಲ್ಲಿಸುವುದೆಲ್ಲ ಬ್ರೇಕಿನ ಕೆಲಸ. ತಿರುವಿನ ನಡುವೆ ಆರ್‌ಪಿಎಂ ಬಿದ್ದರೆ ಒಂದು ಬೆರಳಲ್ಲಿ ಕ್ಲಚ್ ಜಾರಿಸಿ ಎಬ್ಬಿಸಬೇಕು. 125ರಲ್ಲಿ ಈ ಕೆಲಸ ಲ್ಯಾಪ್ ಪೂರ್ತಿ ನಡೆಯುತ್ತಲೇ ಇರುತ್ತದೆ.

ಕೇಳುವಾಗ ಇದು ತೊಂದರೆ ಅನ್ನಿಸುತ್ತದೆ, ಅಲ್ವಾ? ಆದರೆ ನನಗೆ ಬೈಕ್ ಓಡಿಸಲು ಕಲಿಸಿದ್ದು ಇದೇ. 125ರಲ್ಲಿ ತಿರುವಿನಲ್ಲಿ ಕಳೆದುಕೊಂಡ ವೇಗವನ್ನು ಥ್ರಾಟಲ್ ತಿರುವಿ ವಾಪಸ್ ತರಲು ಆಗುವುದಿಲ್ಲ. ಹಾಗಾಗಿ ವೇಗ ಕಳೆದುಕೊಳ್ಳದೆ ತಿರುಗುವುದನ್ನು ಕಲಿಯಲೇಬೇಕು. ಫೋರ್ ಸ್ಟ್ರೋಕ್ ನಿಮ್ಮ ತಪ್ಪನ್ನು ಮುಚ್ಚಿಕೊಡುತ್ತದೆ. ರೇಸಿನ ದಿನ ಅದು ಒಳ್ಳೆಯದೇ, ಕಲಿಯುವಾಗ ಅಷ್ಟು ಒಳ್ಳೆಯದಲ್ಲ. ತೂಕದ ಮಾತೂ ಇದೆ. ಪೆಟ್ರೋಲ್ ತುಂಬಿದ 125 ಸುಮಾರು 95 ಕಿಲೋ, 250 ಫೋರ್ ಸ್ಟ್ರೋಕ್ ಅದಕ್ಕಿಂತ ಹತ್ತು ಕಿಲೋ ಜಾಸ್ತಿ. ಜೊತೆಗೆ ಫೋರ್ ಸ್ಟ್ರೋಕ್‌ನಲ್ಲಿ ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ವಾಲ್ವ್, ಅದನ್ನು ತೆರೆಯುವ ಕ್ಯಾಮ್ ಎಲ್ಲ ಎಂಜಿನ್ನಿನ ಮೇಲೆ ಕೂತಿರುತ್ತವೆ. ಜಂಪ್ ಇಳಿದು ದಿಕ್ಕು ಬದಲಿಸುವಾಗ ಆ ಭಾರ ಕೈಗೆ ಗೊತ್ತಾಗುತ್ತದೆ.

ಇನ್ನು ಎಂಜಿನ್ ಕೆಲಸ. ನೀವೇ ಮಾಡಿಕೊಳ್ಳುತ್ತೀರಿ ಅಂದಿದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟು ಸ್ಟ್ರೋಕ್‌ನ ಪಿಸ್ಟನ್ ಬದಲಿಸುವುದು ಒಂದು ಸಂಜೆಯ ಕೆಲಸ. ಹೆಡ್ ತೆಗೆದು, ಸಿಲಿಂಡರ್ ಮೇಲಕ್ಕೆ ಎತ್ತಿದರೆ ಪಿಸ್ಟನ್ ಕಣ್ಣೆದುರಿಗೇ ಇರುತ್ತದೆ. ಕೆಳಗಿನ ಕ್ರ್ಯಾಂಕ್ ಬಾಯಿಗೆ ಮೊದಲು ಶುದ್ಧವಾದ ಬಟ್ಟೆ ತುರುಕಿ. ಪಿಸ್ಟನ್ ಪಿನ್ನಿನ ಕ್ಲಿಪ್ ಕೈಯಿಂದ ಚಿಮ್ಮಿ ಅದರೊಳಗೆ ಬಿದ್ದರೆ ಒಂದು ಸಂಜೆಯ ಕೆಲಸ ಒಂದು ವಾರದ್ದಾಗುತ್ತದೆ. ಹೊಸ ಪಿಸ್ಟನ್ ತಲೆಯ ಮೇಲಿನ ಬಾಣದ ಗುರುತು ಸಿಲಿಂಡರಿನಿಂದ ಸೈಲೆನ್ಸರ್ ಪೈಪ್ ಹೊರಡುವ ಕಡೆಗೆ ಇರಬೇಕು. ಕ್ಲಿಪ್‌ನ ತೆರೆದ ಬಾಯಿ ನೇರ ಮೇಲಕ್ಕೆ ಅಥವಾ ನೇರ ಕೆಳಕ್ಕೆ ಬರಲಿ, ಪಕ್ಕಕ್ಕೆ ಬೇಡ. ಹಳೆಯ ಕ್ಲಿಪ್ ಮತ್ತೆ ಹಾಕಲೇಬೇಡಿ.

ಹಾಗಂತ ಟು ಸ್ಟ್ರೋಕ್ ಅಸಡ್ಡೆಯನ್ನು ಸಹಿಸುವುದಿಲ್ಲ. ಎಂಜಿನ್ನಿನ ಒಳಗೆ ಹೋಗುವ ಆಯಿಲ್ ಪೆಟ್ರೋಲ್ ಜೊತೆಗೇ ಹೋಗಬೇಕು. 40ಕ್ಕೆ 1 ಅಂದರೆ ಲೀಟರಿಗೆ 25 ಎಂಎಲ್, 32ಕ್ಕೆ 1 ಅಂದರೆ ಸುಮಾರು 31 ಎಂಎಲ್. ನಿಮ್ಮ ಬೈಕಿನ ಮ್ಯಾನುಯಲ್ ಎಷ್ಟು ಹೇಳುತ್ತದೋ ಅಷ್ಟು, ಅಳತೆ ಪಾತ್ರೆಯಲ್ಲಿ, ಕಣ್ಣಂದಾಜು ಬೇಡ. ಕಾರ್ಬ್ಯುರೇಟರ್ ಇದ್ದರೆ ಹವೆ ಬದಲಾದಾಗ ಅದರೊಳಗೆ ಪೆಟ್ರೋಲ್ ಅಳೆದು ಬಿಡುವ ಜೆಟ್ ಬದಲಿಸಬೇಕಾಗಬಹುದು. ಚಳಿ ಜಾಸ್ತಿಯಾದರೆ ಗಾಳಿ ದಟ್ಟವಾಗಿ ಪೆಟ್ರೋಲ್ ಸಾಲದೆ ಬರುತ್ತದೆ, ಆಗ ಎಂಜಿನ್ ಬಿಸಿಯಾಗಿ ಸೀಸ್ ಆಗುವ, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುವ ಅಪಾಯ. ತಣ್ಣಗಿರುವ ಎಂಜಿನ್ನನ್ನು ಸ್ಟಾರ್ಟ್ ಮಾಡಿದ ಕೂಡಲೇ ಪೂರ್ತಿ ಥ್ರಾಟಲ್ ಕೊಡಬೇಡಿ. ಎರಡು ಪಕ್ಕದ ರೇಡಿಯೇಟರ್ ಮುಟ್ಟಿ ನೋಡಿ, ಎರಡೂ ಬೆಚ್ಚಗಾದ ಮೇಲೆ ಹೊರಡಿ.

ಫೋರ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ಜಾಸ್ತಿ ಗಂಟೆ ಬಾಳುತ್ತದೆ. ಆದರೆ ಎಂಜಿನ್ ಆಯಿಲ್ ಕೊಂಚವೇ ಇರುವುದರಿಂದ ಮೇಲಿಂದ ಮೇಲೆ ಬದಲಿಸಬೇಕು, ವಾಲ್ವ್ ಸಂದು (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಅಂತರ) ಅಳೆಯುತ್ತಲೇ ಇರಬೇಕು. ಇಲ್ಲಿ ನಾನು ಮಾಡಿದ ತಪ್ಪು ಹೇಳುತ್ತೇನೆ. ನನ್ನ 250 ಫೋರ್ ಸ್ಟ್ರೋಕ್ ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಹಠ ಮಾಡತೊಡಗಿತ್ತು. ಅಳೆದು ನೋಡಿದೆ, ಇನ್‌ಟೇಕ್ ವಾಲ್ವ್ ಸಂದು ಬಿಗಿಯಾಗಿತ್ತು. ತೆಳುವಾದ ಶಿಮ್ (ಆ ಸಂದು ಸರಿಮಾಡುವ ಸಣ್ಣ ಬಿಲ್ಲೆ) ಹಾಕಿದೆ, ಸರಿಹೋಯಿತು. ಮೂರು ವಾರಕ್ಕೆ ಮತ್ತೆ ಅದೇ. ಮತ್ತೆ ಶಿಮ್. ಟೈಟಾನಿಯಂ ವಾಲ್ವ್‌ಗಳ ಮೇಲಿನ ಗಟ್ಟಿ ಪದರ ಸವೆದ ಮೇಲೆ ವಾಲ್ವ್ ಬೇಗ ಬೇಗ ಒಳಗೆ ಕೂರುತ್ತದೆ, ಶಿಮ್ ಅದನ್ನು ಬರೀ ಮುಚ್ಚಿಡುತ್ತದೆ. ಇದು ನನಗೆ ಗೊತ್ತಿತ್ತು. ಸೀಸನ್ ಮುಗಿಯಲು ಎರಡೇ ರೇಸ್ ಇವೆ ಅಂತ ಮುಂದೂಡಿದೆ. ಎರಡನೇ ಮೋಟೋದ ನಾಲ್ಕನೇ ಲ್ಯಾಪಿನಲ್ಲಿ ಒಂದು ಸಣ್ಣ ಟಕ್ ಶಬ್ದ, ಹಿಂದಿನ ಚಕ್ರ ಲಾಕ್. ಬಿಚ್ಚಿ ನೋಡಿದರೆ ವಾಲ್ವ್ ತಲೆ ಮುರಿದು ಪಿಸ್ಟನ್ ಒಳಗೆ ನೆಟ್ಟುಕೊಂಡಿತ್ತು. ಹೆಡ್, ಸಿಲಿಂಡರ್, ಪಿಸ್ಟನ್ ಮೂರೂ ಹೋದವು. ಟು ಸ್ಟ್ರೋಕ್ ಸೀಸ್ ಆಗಿದ್ದಾಗ ಎರಡು ವಾರದಲ್ಲಿ ಟ್ರ್ಯಾಕಿಗೆ ವಾಪಸ್ ಬಂದಿದ್ದೆ. ಇದಕ್ಕೆ ನಾಲ್ಕು ತಿಂಗಳು ಬೇಕಾಯಿತು. ಒಮ್ಮೆ ಶಿಮ್ ಹಾಕಿದ ಮೇಲೆ ಬೇಗನೆ ಮತ್ತೆ ಬಿಗಿಯಾದರೆ ವಾಲ್ವ್ ಬದಲಿಸಿಬಿಡಿ, ಒಂದು ದಿನವೂ ಕಾಯಬೇಡಿ.

ಈಗ ನಿಮ್ಮ ಪ್ರಶ್ನೆಗೆ ನೇರವಾಗಿ ಬರುತ್ತೇನೆ. 125 ಟು ಸ್ಟ್ರೋಕ್‌ಗಳಿಗೇ ಬೇರೆ ಕ್ಲಾಸ್ ಇದ್ದರೆ ಕಣ್ಣುಮುಚ್ಚಿ 125 ತಗೊಳ್ಳಿ. 68 ಕಿಲೋಗೆ ಅದು ಚೆನ್ನಾಗಿ ಎಳೆಯುತ್ತದೆ. 125 ಮತ್ತು 250 ಫೋರ್ ಸ್ಟ್ರೋಕ್ ಒಂದೇ ಗೇಟಿನಲ್ಲಿ ನಿಲ್ಲಬೇಕು ಅಂತಿದ್ದರೆ 250 ಫೋರ್ ಸ್ಟ್ರೋಕ್ ತಗೊಳ್ಳಿ, ಆಯಿಲ್ ಮತ್ತು ವಾಲ್ವ್ ಲೆಕ್ಕ ಗಂಟೆ ಮೀಟರ್ ನೋಡಿ ಪುಸ್ತಕದಲ್ಲಿ ಬರೆದಿಡಿ.

250 ಟು ಸ್ಟ್ರೋಕ್ ನನಗೆ ಎಲ್ಲಕ್ಕಿಂತ ಇಷ್ಟವಾದ ಬೈಕ್. ಆದರೂ ಮೊದಲ ಸೀಸನ್‌ಗೆ ಬೇಡ ಅನ್ನುತ್ತೇನೆ. ಅದರ ಶಕ್ತಿ ಒಮ್ಮೆಲೇ ನುಗ್ಗಿ ಬರುತ್ತದೆ. ರೇಸಿನ ಕೊನೆಯಲ್ಲಿ ಮುಂಗೈ ಕಲ್ಲಿನಂತೆ ಬಿಗಿದುಕೊಂಡಾಗ ಥ್ರಾಟಲ್ ಅಳತೆ ತಪ್ಪುತ್ತದೆ, ಹೊಸಬರು ಬೀಳುವುದು ಆ ಹೊತ್ತಿನಲ್ಲೇ. ಕೆಲವು ಹವ್ಯಾಸಿ ರೇಸ್‌ಗಳು ಇದನ್ನು 250 ಫೋರ್ ಸ್ಟ್ರೋಕ್ ಜೊತೆಗೇ ಓಡಲು ಬಿಡುತ್ತವೆ. ನಿಮ್ಮಲ್ಲೂ ಹಾಗಿದ್ದರೆ ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ, ನೀವು ಹೋಗುವ ತನಕ ಬೈಕ್ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಮೊದಲೇ ಹೇಳಿ. ಫೋರ್ ಸ್ಟ್ರೋಕ್ ತಣ್ಣಗಿದ್ದಾಗ ಸತಾಯಿಸಿದರೆ ವಾಲ್ವ್ ಕಡೆ ಅನುಮಾನ ಪಡಿ. ಟು ಸ್ಟ್ರೋಕ್ ಆದರೆ ಪೈಪ್ ಬಿಚ್ಚಿ ಟಾರ್ಚ್ ಹಾಕಿ ಪಿಸ್ಟನ್ ನೋಡಿ, ಉದ್ದುದ್ದ ಗೀರು ಇದ್ದರೆ ಬೇಡ. ಕ್ರ್ಯಾಂಕ್ ತುದಿಯಲ್ಲಿರುವ ಫ್ಲೈವೀಲ್ ಚಕ್ರ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಸ್ವಲ್ಪ ಆಡಿದರೂ ಕ್ರ್ಯಾಂಕ್ ಬೇರಿಂಗ್ ಮುಗಿದಿದೆ. ನಿಮ್ಮ ರೇಸಿನ ಕ್ಲಾಸ್ ಪಟ್ಟಿ ಸಿಕ್ಕಿದ ಮೇಲೆ ಇಲ್ಲೇ ಬರೆಯಿರಿ, ಜೊತೆಗೆ ಟ್ರ್ಯಾಕಿನ ಮಣ್ಣು ಮರಳೋ ಗಟ್ಟಿಯೋ ಅಂತಲೂ ಹೇಳಿ. ಸಸ್ಪೆನ್ಷನ್, ಗೇರಿಂಗ್ ಬಗ್ಗೆ ಆಗ ಮಾತಾಡೋಣ.