ಸಂಪಾದಕರ ಉತ್ತರ: ಬಡವರನ್ನು ನಾವ್ಯಾಕೆ ಸಾಕಬೇಕು?

"ಸಂಪಾದಕರೇ, ಕರ್ನಾಟಕ ದಿಲ್ಲಿಗೆ ಕಳಿಸುವ ನೂರು ರೂಪಾಯಿಯಲ್ಲಿ ವಾಪಸ್ ಬರುವುದು ಹದಿಮೂರು ರೂಪಾಯಿ ಅಂತ ಓದಿದೆ. ಬಿಹಾರ, ಉತ್ತರ ಪ್ರದೇಶದವರಿಗೆ ಕೊಟ್ಟಿದ್ದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತದಂತೆ. ನಾವು ದುಡಿದು ಆ ಬಡ ರಾಜ್ಯಗಳನ್ನು ಎಷ್ಟು ದಿನ ಸಾಕಬೇಕು? ನಿಮ್ಮ ಪತ್ರಿಕೆ ಯಾಕೆ ಬಾಯಿ ಬಿಡುವುದಿಲ್ಲ? ದಿಲ್ಲಿಗೆ ಒಂದು ಕಾಗದ ಬರೆಯಬೇಕು ಅಂತಿದ್ದೇನೆ. ವಿಳಾಸ ತಿಳಿಸಿ."
– ಒಬ್ಬ ನಿವೃತ್ತ ಮೇಷ್ಟ್ರು, ಮದ್ದೂರು ತಾಲ್ಲೂಕು

ಮೇಷ್ಟ್ರೇ, ಮೊದಲು ನಿಮ್ಮ ಅಕ್ಷರಕ್ಕೆ ನಮಸ್ಕಾರ. ನಾಲ್ಕು ಪುಟದಲ್ಲಿ ಒಂದು ಕಾಟು ಹೊಡೆದ ಗುರುತಿಲ್ಲ. ನಮ್ಮ ಕಚೇರಿಯ ಹುಡುಗರಿಗೆಲ್ಲ ತೋರಿಸಿದೆ.

ನಿಮ್ಮ ಸಿಟ್ಟು ಸುಳ್ಳಲ್ಲ. ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹೇಗೆ ಹಂಚಬೇಕು ಅಂತ ಹೇಳುವುದು ಹಣಕಾಸು ಆಯೋಗ. 14ನೇ ಆಯೋಗದಲ್ಲಿ ಎಲ್ಲ ರಾಜ್ಯಗಳ ಪಾಲಿನ ನೂರು ರೂಪಾಯಿಯಲ್ಲಿ ನಮಗೆ 4.71 ರೂಪಾಯಿ ಬರುತ್ತಿತ್ತು. 15ನೇ ಆಯೋಗ ಅದನ್ನು 3.65ಕ್ಕೆ ಇಳಿಸಿತು. ಆ ಹಂಚಿಕೆಯಲ್ಲಿ ಬಿಹಾರಕ್ಕೆ 10 ರೂಪಾಯಿ ಚಿಲ್ಲರೆ, ಉತ್ತರ ಪ್ರದೇಶಕ್ಕೆ ಹತ್ತಿರ ಹತ್ತಿರ 18 ಸಿಕ್ಕಿತು. ಸೆಸ್ಸು, ಸರ್‌ಚಾರ್ಜು ಅಂತ ದಿಲ್ಲಿಯವರು ಎತ್ತುವ ದುಡ್ಡಂತೂ ಹಂಚಿಕೆಗೇ ಬರುವುದಿಲ್ಲ. 2023ರಲ್ಲಿ 236 ತಾಲ್ಲೂಕುಗಳಲ್ಲಿ 223 ಬರ ಅಂತ ಘೋಷಣೆಯಾದವು. ಪರಿಹಾರಕ್ಕೆ ನಮ್ಮ ಸರ್ಕಾರ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಇದು ಸರಿಯಲ್ಲ. ಬರೆಯಿರಿ, ಖಂಡಿತ ಬರೆಯಿರಿ.

ಆದರೆ ನಿಮ್ಮ ಕಾಗದದ ಒಂದು ಸಾಲು ಓದಿ ನನಗೆ ನಗು ಬಂತು. ಅದು ನಮ್ಮ ತಾತನ ಸಾಲು.

1956ರ ನವೆಂಬರ್ ಒಂದರಂದು ಕನ್ನಡದ ಜಿಲ್ಲೆಗಳೆಲ್ಲ ಒಂದಾದಾಗ ನಾನಿನ್ನೂ ಹುಟ್ಟಿರಲಿಲ್ಲ. ತಾತ ಮಾತ್ರ ಸಾಯುವ ತನಕ ಆ ದಿನವನ್ನು ಕ್ಷಮಿಸಲಿಲ್ಲ. ಜಗಲಿ ಮೇಲೆ ಪೇಪರ್ ಹರಡಿಕೊಂಡು, ನಶ್ಯ ಏರಿಸಿ, ಶುರು ಮಾಡುತ್ತಿದ್ದರು. "ಬೀದರ್, ಗುಲ್ಬರ್ಗ, ರಾಯಚೂರು. ರಸ್ತೆ ಇಲ್ಲ, ಸ್ಕೂಲಿಲ್ಲ. ನಮ್ಮ ಮೈಸೂರಿನ ದುಡ್ಡೆಲ್ಲ ಅಲ್ಲಿಗೇ ಹೋಗುತ್ತೆ. ಆ ಬಡವರನ್ನು ನಾವ್ಯಾಕೆ ಸಾಕಬೇಕು?" ಅವರೊಬ್ಬರೇ ಅಲ್ಲ. ಹಳೇ ಮೈಸೂರಿನಲ್ಲಿ ಓದಿದವರು, ಕೋಟು ಹಾಕಿದವರು ಎಷ್ಟೋ ಜನ ಹೀಗೇ ಅನ್ನುತ್ತಿದ್ದರು. ಕೆಂಗಲ್ ಹನುಮಂತಯ್ಯ, ಜಯಚಾಮರಾಜ ಒಡೆಯರ್ ಅಂಥವರು ಈ ಮಾತಿಗೆ ಸೊಪ್ಪು ಹಾಕದೆ ಏಕೀಕರಣದ ಜೊತೆ ನಿಂತರು, ಅದು ನಮ್ಮ ಪುಣ್ಯ.

ನಮ್ಮ ದುಡ್ಡು ಆ ಕಡೆ ಹೋಯಿತು ಅಂತ ತಾತ ಹೇಳಿದ್ದು ನಿಜವಾಗಿದ್ದರೆ ಅಲ್ಲಿ ಏನಾದರೂ ಕಾಣಬೇಕಿತ್ತಲ್ಲ? ರಾಜ್ಯದ ಯಾವ ಭಾಗ ಎಷ್ಟು ಹಿಂದುಳಿದಿದೆ ಅಂತ ನೋಡಲು ನೇಮಿಸಿದ್ದ ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗ ಇದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು. ತೀರಾ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದವು. ಒಂದಾಗಿ 46 ವರ್ಷ ಆಗಿತ್ತು, ಮೇಷ್ಟ್ರೇ. ಇವತ್ತಿಗೂ ತಲಾ ಆದಾಯದ ಪಟ್ಟಿಯಲ್ಲಿ ಬೆಂಗಳೂರು ನಗರ ಜಿಲ್ಲೆ ತುದಿಯಲ್ಲಿ, ಕಲಬುರಗಿ ಬುಡದಲ್ಲಿ.

ನೀರಿನ ಲೆಕ್ಕವನ್ನೇ ತಗೊಳ್ಳಿ. ಕನ್ನಂಬಾಡಿ ಕಟ್ಟೆ 1911ರಲ್ಲಿ ಶುರುವಾಯಿತು. ಮೂವತ್ತರ ದಶಕದ ಆರಂಭಕ್ಕೆ ಮುಗಿದು, ನಾಲೆ ಬಂದು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆಯೂ ಬಂತು. ಉತ್ತರ ಕರ್ನಾಟಕದಲ್ಲಿ ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಬಿದ್ದಿದ್ದೇ 1964ರ ಮೇ ತಿಂಗಳಲ್ಲಿ. ಇಟ್ಟವರು ಲಾಲ್ ಬಹದ್ದೂರ್ ಶಾಸ್ತ್ರಿ, ಅವರಿನ್ನೂ ಪ್ರಧಾನಿ ಆಗಿರಲಿಲ್ಲ. ಅಲ್ಲಿನ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256ಕ್ಕೆ ಏರಿಸಬಹುದು ಅಂತ 2010ರಲ್ಲೇ ಕೃಷ್ಣಾ ನೀರಿನ ಜಗಳ ಬಗೆಹರಿಸುವ ನ್ಯಾಯಮಂಡಳಿ ಹೇಳಿದೆ. ಗೇಟು ಇನ್ನೂ ಏರಿಲ್ಲ.

ಕನ್ನಂಬಾಡಿ ಯಾರ ದುಡ್ಡು? ಮಹಾರಾಜರು ಕಟ್ಟಿಸಿದರು, ವಿಶ್ವೇಶ್ವರಯ್ಯನವರು ಕಟ್ಟಿದರು, ಎಲ್ಲ ಸರಿ. ಅದು ಇಡೀ ಸಂಸ್ಥಾನದ ಬೊಕ್ಕಸ. ಪಾವಗಡದ ಬೆದ್ದಲು ಹೊಲದವನ ಕಂದಾಯವೂ ಅದರಲ್ಲಿತ್ತು. ಅವನಿಗೆ ಕಾವೇರಿಯ ಒಂದು ಬೊಗಸೆ ನೀರೂ ಬರಲಿಲ್ಲ. "ನನ್ನ ತೆರಿಗೆ ನನ್ನ ಹಕ್ಕು" ಅಂತ ಅವನು ಅಂದು ಕೂತಿದ್ದರೆ ನಿಮ್ಮ ಮದ್ದೂರಿನ ಗದ್ದೆ ಎಲ್ಲಿರುತ್ತಿತ್ತು?

ಹಾಗಂತ ಮಂಡ್ಯದವರು ಬರೀ ಪಡೆದವರಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ನೇರವಾಗಿ ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. 1905ಕ್ಕೆ ಬೆಂಗಳೂರಿಗೆ. ಪಕ್ಕದ ಹಳ್ಳಿಯವರು ಬುಡ್ಡಿ ದೀಪದಲ್ಲೇ ಇದ್ದರು.

ಇನ್ನು ಬಿಹಾರ, ಉತ್ತರ ಪ್ರದೇಶ. ಸಂಕ್ರಾಂತಿ ಆದ ಮೇಲೆ ಪಾಂಡವಪುರದ ಕಡೆ ಒಂದು ಆಲೆಮನೆಗೆ ಹೋಗಿದ್ದೆ. ಕಬ್ಬು ಕಡಿದು ತಂದವರು ಬಳ್ಳಾರಿ ಕಡೆಯವರು, ಗಂಡ ಹೆಂಡತಿ, ಜೊತೆಗೆ ಗೋಣಿಚೀಲದ ಮೇಲೆ ಮಲಗಿದ್ದ ಕೂಸು. ಕೊಪ್ಪರಿಗೆ ಮುಂದೆ ನಿಂತಿದ್ದವನು ಉತ್ತರ ಪ್ರದೇಶದ ಮುಜಫ್ಫರ್‌ನಗರದವನು. ಅವನ ಊರಿನಲ್ಲೂ ಬೆಲ್ಲವೇ. ಕುದಿಯುವ ಪಾಕವನ್ನು ಒಂದು ಚೂರು ತಣ್ಣೀರಿಗೆ ಹಾಕಿ, ಬೆರಳಲ್ಲಿ ಉಂಡೆ ಕಟ್ಟಿ, ಲೋಟದ ಕಂಠಕ್ಕೆ ಟಣ್ ಅಂತ ಹೊಡೆದು ನೋಡಿದ. "ಹೋಗಯಾ" ಅಂದ. ಇಬ್ಬರು ಓಡಿ ಬಂದು ಕೊಪ್ಪರಿಗೆ ಬಗ್ಗಿಸಿದರು. ಆಲೆಮನೆ ಯಜಮಾನರು ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಫೋನ್ ನೋಡುತ್ತಿದ್ದರು. "ನಮ್ಮ ಹುಡುಗರು ಈ ಕೆಲಸಕ್ಕೆ ಬರಲ್ಲ ಸಾರ್" ಅಂದರು. ಅವರ ಮಗ ಬೆಂಗಳೂರಿನಲ್ಲಿದ್ದಾನೆ. ಮಂಡ್ಯದ ಬೆಲ್ಲ ಅಂತ ನಾವು ಹೆಮ್ಮೆಯಿಂದ ನೆಂಟರಿಗೆ ಕಟ್ಟಿ ಕೊಡುವುದು ಇದನ್ನೇ ಅಲ್ವಾ? ಯಾರು ಯಾರನ್ನು ಸಾಕುತ್ತಿದ್ದಾರೆ ಅಂತ ಅಲ್ಲಿ ನಿಂತು ಹೇಳುವುದು ಕಷ್ಟ.

ಪಾಠ ಮಾಡಿದವರಿಗೆ ಪಾಠ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. 1952ರಿಂದ ನಾಲ್ಕು ದಶಕ ಸರ್ಕಾರ ಒಂದು ನಿಯಮ ಇಟ್ಟಿತ್ತು. ಉಕ್ಕಿನ ಸಾಗಣೆ ಖರ್ಚನ್ನು ದೇಶಕ್ಕೆಲ್ಲ ಸಮನಾಗಿ ಹಂಚುವುದು. ಜಮ್‌ಶೆಡ್‌ಪುರದ ಉಕ್ಕು ಜಮ್‌ಶೆಡ್‌ಪುರದಲ್ಲೂ ಅದೇ ಬೆಲೆ, ಬೆಂಗಳೂರಿನಲ್ಲೂ ಅದೇ ಬೆಲೆ. ಆಗ ಅದು ಬಿಹಾರ. ಅದಿರು ಅವರದು, ಹೊಗೆ ಧೂಳು ಅವರದು. ಅದರ ಪಕ್ಕದಲ್ಲೇ ಕಾರ್ಖಾನೆ ಹಾಕಬೇಕು ಅನ್ನುವ ದರ್ದು ಯಾರಿಗೂ ಉಳಿಯಲಿಲ್ಲ. ಪಶ್ಚಿಮದವರೂ ದಕ್ಷಿಣದವರೂ ಕಾರ್ಖಾನೆ ಕಟ್ಟಿಕೊಂಡರು. ಇನ್ನು ನಿಮ್ಮ ನೂರು ರೂಪಾಯಿ. ಕಂಪನಿಗಳ ಆದಾಯ ತೆರಿಗೆ ಸಾಮಾನ್ಯವಾಗಿ ಹೆಡ್ ಆಫೀಸ್ ಇರುವ ಊರಿನ ಲೆಕ್ಕಕ್ಕೆ ಬೀಳುತ್ತದೆ. ಪಟ್ನಾದವನು ಕೊಂಡ ಸಾಮಾನಿನ ಲಾಭವೂ ಬೆಂಗಳೂರಿನ ಖಾತೆಯಲ್ಲಿ ಕನ್ನಡಿಗರ ತೆರಿಗೆ ಆಗಿ ಕೂರುತ್ತದೆ.

ಇದೇ ಲೆಕ್ಕವನ್ನು ರಾಜ್ಯದ ಒಳಗೆ ಹಾಕಿ ನೋಡಿ. ರಾಜ್ಯದ ಆದಾಯದಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆಯದು. ನಾಳೆ ಅವರು "ಮಂಡ್ಯವನ್ನು ನಾವ್ಯಾಕೆ ಸಾಕಬೇಕು" ಅಂದರೆ? ಕಾವೇರಿ ನೀರು ಬಂದ್ ಮಾಡುತ್ತೇವೆ ಅನ್ನುತ್ತೀರಿ, ಗೊತ್ತು.

ನನ್ನ ನಿಜವಾದ ತಕರಾರು ಬೇರೆ. ದಿಲ್ಲಿ ನಮಗೆ ಏನು ಮಾಡುತ್ತದೋ ವಿಧಾನಸೌಧ ಜಿಲ್ಲೆಗಳಿಗೆ ಅದನ್ನೇ ಮಾಡುತ್ತದೆ, ಆಗ ನಾವು ಯಾರೂ ಕಾಗದ ಬರೆಯುವುದಿಲ್ಲ. ಎಂಬತ್ತರ ದಶಕದಲ್ಲಿ ಪಂಚಾಯಿತಿ ಖಾತೆಯ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ನಮ್ಮ ಗುಂಡ್ಲುಪೇಟೆಯವರು. ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅನ್ನಿಸಿಕೊಂಡವರು. 1983ರ ಪಂಚಾಯಿತಿ ಕಾಯ್ದೆ ತಂದು, 1987ರಲ್ಲಿ ಚುನಾವಣೆ ನಡೆದು, ಜಿಲ್ಲಾ ಪರಿಷತ್ತಿಗೆ ದುಡ್ಡೂ ಅಧಿಕಾರವೂ ಸಿಕ್ಕವು. ದೇಶವೇ ಬಂದು ನೋಡಿಕೊಂಡು ಹೋಯಿತು. ಈಗ ಮೈಸೂರಿನ ಲಲಿತ ಮಹಲ್ ರಸ್ತೆಯಲ್ಲಿ ಅವರ ಹೆಸರಿನ ತರಬೇತಿ ಸಂಸ್ಥೆ ಇದೆ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಯಾವ ಪಕ್ಷ ಬಂದರೂ ಇದೇ ಕಥೆ.

ನಮ್ಮೂರ ಕೆರೆಯ ತೂಬಿನ ಬಾಗಿಲು ಕಿತ್ತು ಹೋಗಿತ್ತು. ಬಡಗಿ ನೋಡಿ "ಎರಡು ದಿನದ ಕೆಲಸ" ಅಂದ. ಊರವರು ಅರ್ಜಿ ಕೊಟ್ಟರು. ಒಂದು ಕಚೇರಿಯವರು ನಮ್ಮದಲ್ಲ ಅಂದರು. ಇನ್ನೊಂದು ಕಚೇರಿಯವರು ನಮ್ಮದೇ, ಆದರೆ ಬೆಂಗಳೂರಿನಿಂದ ಮಂಜೂರಾಗಬೇಕು ಅಂದರು. ಎರಡು ಮಳೆಗಾಲ ಹೋಯಿತು. ತೂಬಿಗೆ ಈಗಲೂ ಮರಳು ತುಂಬಿದ ಗೋಣಿಚೀಲ ಒತ್ತಿದ್ದಾರೆ.

ವಿಳಾಸ ಕೇಳಿದ್ದಿರಿ. ಹಣಕಾಸು ಸಚಿವಾಲಯ, ನವದೆಹಲಿ ಅಂತ ಬರೆದರೆ ತಲುಪುತ್ತದೆ. ಕಾರ್ಬನ್ ಇಟ್ಟು ಇನ್ನೊಂದು ಪ್ರತಿ ಮಾಡಿ, ರಾಜ್ಯದ ಹೆಸರು ಇರುವ ಕಡೆ ಜಿಲ್ಲೆಯ ಹೆಸರು ಹಾಕಿ, ವಿಧಾನಸೌಧಕ್ಕೂ ಕಳಿಸಿ. ಎರಡನೆಯದರ ಅಂಚೆ ಖರ್ಚು ನಮ್ಮ ಪತ್ರಿಕೆಯದು.